ಆ ಬಿಳಿ ಆಕಾಶದಲ್ಲಿ ಮೋಡವಿತ್ತೇ?

ಹೊನ್ನಾವರದ ನಮ್ಮ ಮನೆಯ ಜಗಲಿಯಲ್ಲಿ ಜೋಗ ಜಲಪಾತದ ಒಂದು ಹಳೆಯ ಚಿತ್ರವಿದೆ. ಗಾಜಿನ ಫಲಕದ ಕ್ಯಾಮೆರಾ ಕಾಲದ್ದು. ಯಾವುದೋ ಹರಿದ ಪುಸ್ತಕದಲ್ಲಿದ್ದದ್ದನ್ನು ನನ್ನ ಅಪ್ಪ ಕುಮಟೆಗೆ ಒಯ್ದು ಕಟ್ಟು ಹಾಕಿಸಿದ್ದರು. ನಮ್ಮ ಕಡೆಯ ಮಳೆಗಾಲ ಗೊತ್ತಲ್ಲ, ವರ್ಷವರ್ಷವೂ ಒಂದಿಷ್ಟು ಬೂಷ್ಟು ಅದನ್ನು ತಿನ್ನುತ್ತಿದೆ.

ಮೇ ರಜೆಗೆ ಭಟ್ಕಳದಿಂದ ಬಂದ ಮೊಮ್ಮಗಳು ಅದರ ಮುಂದೆ ನಿಂತು ಕೇಳಿದಳು: “ಅಜ್ಜ, ಅವತ್ತು ಮೋಡ ಕವಿದಿತ್ತಾ? ಆಕಾಶ ಪೂರ್ತಿ ಬೆಳ್ಳಗೆ, ಕಾಡು ಕಪ್ಪಗೆ. ನೋಡಿದ್ರೆ ಬೇಜಾರಾಗ್ತದೆ.”

ಅವಳ ವಯಸ್ಸಿನಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಚಿತ್ರ ತೆಗೆದವನೇ ದುಃಖದಲ್ಲಿದ್ದನೇನೋ ಎಂದು! “ಕೂಸೇ, ಬಂಡೆಯ ಬುಡದ ನೆರಳು ನೋಡು” ಎಂದೆ. ನೆರಳು ಗಿಡ್ಡ, ಅಂಚು ಕತ್ತರಿಸಿದ ಹಾಗೆ. ಅವತ್ತು ಸುಡು ಬಿಸಿಲು.

ಮತ್ತೆ ಆಕಾಶ? 1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ವಿಧಾನದಲ್ಲಿ ಗಾಜಿಗೆ ಕೊಲೋಡಿಯನ್ ಎಂಬ ಅಂಟು ದ್ರವ ಬಳಿದು, ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಒಣಗುವ ಮೊದಲೇ ಚಿತ್ರ ತೆಗೆದು ತೊಳೆಯಬೇಕಿತ್ತು. ಅದಕ್ಕೆ ಕತ್ತಲ ಡೇರೆ ಜೊತೆಗೇ ಬೇಕು. ಸ್ಯಾಮ್ಯುಯೆಲ್ ಬೋರ್ನ್ 1863ರಲ್ಲಿ ಹಿಮಾಲಯಕ್ಕೆ ಹೊರಟಾಗ ಸಾಮಾನು ಹೊರಲು ಸುಮಾರು 30 ಜನ ಇದ್ದರು. ನಮ್ಮ ಜೋಗಕ್ಕಾದರೆ ಹೊನ್ನಾವರದಿಂದ ಶರಾವತಿಯಲ್ಲಿ ದೋಣಿ ಹತ್ತಿ ಗೇರುಸೊಪ್ಪೆಗೆ, ಅಲ್ಲಿಂದ ಘಟ್ಟ ಹತ್ತಿ ಮೇಲಕ್ಕೆ. ಗಾಜು ಒಡೆಯದೆ!

ಈ ಫಲಕಕ್ಕೆ ನೀಲಿ ಬೆಳಕು ಬಹಳ ಬೇಗ ನಾಟುತ್ತಿತ್ತು, ಹಸಿರು, ಕೆಂಪು ನಾಟುತ್ತಲೇ ಇರಲಿಲ್ಲ ಎನ್ನಬೇಕು. ಹಾಗಾಗಿ ನೀಲಿ ಆಕಾಶವೂ ಬಿಳಿ ಮೋಡವೂ ಕಾಗದದಲ್ಲಿ ಒಂದೇ ಬಿಳುಪು. ನಮ್ಮ ಹಸಿರು ಕಾಡು ಮಸಿ. ಚಿತ್ರಕ್ಕೆ ಸೆಕೆಂಡುಗಟ್ಟಲೆ ಬೇಕಾದ್ದರಿಂದ 253 ಮೀಟರ್ ಬೀಳುವ ನೀರು ಹಿಂಜಿದ ಹತ್ತಿಯಾಯಿತು.

ಫ್ರಾನ್ಸಿನ ಗುಸ್ತಾವ್ ಲ ಗ್ರೇ ಇದಕ್ಕೊಂದು ಉಪಾಯ ಹುಡುಕಿದ್ದ. 1850ರ ದಶಕದಲ್ಲಿ ತೆಗೆದ ಕೆಲವು ಸಮುದ್ರದ ಚಿತ್ರಗಳಲ್ಲಿ ನೀರಿಗೊಂದು, ಮೋಡಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಕಾಗದದಲ್ಲಿ ಅಚ್ಚು ಹಾಕಿದ.

“ಅದು ಮೋಸ ಅಲ್ವಾ?”

ಕಣ್ಣಿಗೆ ಎರಡೂ ಕಾಣುತ್ತಿದ್ದವಲ್ಲ, ಯಂತ್ರಕ್ಕೆ ಕಾಣದ್ದನ್ನು ಅವನು ಸೇರಿಸಿದ ಎಂದೆ. ಅವಳು ಒಪ್ಪಲಿಲ್ಲ. ನಿಜ ಹೇಳಬೇಕೆಂದರೆ ನನಗೂ ನಮ್ಮ ಜಗಲಿಯ ಖಾಲಿ ಆಕಾಶವೇ ಇಷ್ಟ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಅದರ ಕೆಳಗೆ ಎದ್ದು ಕಾಣುತ್ತವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಹುಟ್ಟಿದವರಿಗೆ, ಹೊಳೆ ತನ್ನ ಮನಸ್ಸಿಗೆ ಬಂದಂತೆ ಧುಮುಕುತ್ತಿದ್ದುದನ್ನು ನೋಡಲು ಇಂಥ ಚಿತ್ರಗಳೇ ಗತಿ.

ಅಷ್ಟರಲ್ಲಿ ಅವಳು ಕೂಗಿದಳು: “ಅಜ್ಜ, ಇಲ್ಲೊಬ್ಬ ಮನುಷ್ಯ ಇದ್ದಾನೆ!”

ಬಂಡೆಯ ಅಂಚಿನಲ್ಲಿ ಇರುವೆಯಷ್ಟು ಒಬ್ಬ. ಇಷ್ಟು ವರ್ಷ ಅದನ್ನು ಬೂಷ್ಟಿನ ಚುಕ್ಕೆ ಅಂದುಕೊಂಡಿದ್ದೆ! ಜಲಪಾತ ಎಷ್ಟು ದೊಡ್ಡದೆಂದು ತೋರಿಸಲು ಆಗಿನ ಛಾಯಾಗ್ರಾಹಕರು ಹೀಗೆ ಯಾರನ್ನಾದರೂ ನಿಲ್ಲಿಸುತ್ತಿದ್ದರು. ಪ್ರಪಾತದ ಪಕ್ಕ, ಆ ಸದ್ದಿನಲ್ಲಿ, ಮಿಸುಕದೆ ನಿಂತ ಆ ಬಡಪಾಯಿಯ ಹೆಸರು ಯಾರೂ ಬರೆದಿಟ್ಟಿಲ್ಲ.

ಸಂಜೆ ಶರಾವತಿ ಸಮುದ್ರ ಸೇರುವಲ್ಲಿಗೆ ಹೋದೆವು. ಅವಳು ಮೊಬೈಲ್ ಹಿಡಿದು ನನ್ನನ್ನು ದೂರ, ಇನ್ನೂ ದೂರ ಕಳಿಸಿದಳು.

“ಅಜ್ಜ, ಅಲ್ಲಾಡಬೇಡ! ಹತ್ತು ಎಣಿಸು!”

ನಾನು ಎಣಿಸುತ್ತ ನಿಂತೆ.