ಅರೆಕಾಲಿಕ ನಾಲ್ಕು-ಚಕ್ರ ಚಾಲನೆಯ ದೋಷಪತ್ತೆ

ಅರೆಕಾಲಿಕ ನಾಲ್ಕು-ಚಕ್ರ ಚಾಲನೆಯು ಸಾಮಾನ್ಯ ರಸ್ತೆಯಲ್ಲಿ ಹಿಂದಿನ ಚಕ್ರಗಳಿಗೆ ಮಾತ್ರ ಎಂಜಿನ್ನಿನ ಶಕ್ತಿಯನ್ನು ಒದಗಿಸಿ, ಕೆಸರು, ಮರಳು ಅಥವಾ ಕಡಿದಾದ ಏರಿನಲ್ಲಿ ಚಾಲಕನ ಆಯ್ಕೆಯಂತೆ ಮುಂದಿನ ಚಕ್ರಗಳನ್ನೂ ಜೋಡಿಸುವ ವ್ಯವಸ್ಥೆಯಾಗಿದೆ. ಜೀಪ್ ಮಾದರಿಯ ಅನೇಕ ವಾಹನಗಳಲ್ಲಿ ಹಾಗೂ ಮಾರುತಿ ಜಿಪ್ಸಿಯಲ್ಲಿ ಇದನ್ನು ಕಾಣಬಹುದು. ಇದರ ದೋಷಗಳು ಸಮತಟ್ಟಾದ ರಸ್ತೆಯಲ್ಲಿ ಗೋಚರಿಸದೆ, ಅಗತ್ಯ ಬಿದ್ದಾಗಲೇ ಬೆಳಕಿಗೆ ಬರುವುದರಿಂದ ಮುಂಚಿತವಾದ ಪರೀಕ್ಷೆ ಮುಖ್ಯವಾಗುತ್ತದೆ.

ರಚನೆ

ಗೇರ್‌ಬಾಕ್ಸ್‌ನ ಹಿಂದಿರುವ ಟ್ರಾನ್ಸ್‌ಫರ್ ಕೇಸ್ ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನು ಜೋಡಿಸುತ್ತದೆ. ಶಕ್ತಿಯು ಅಲ್ಲಿಂದ ಮುಂದಿನ ಡಿಫರೆನ್ಷಿಯಲ್, ಆಕ್ಸಲ್ ಶಾಫ್ಟ್ ಮತ್ತು ಹಬ್‌ಗಳ ಮೂಲಕ ಚಕ್ರವನ್ನು ತಲುಪುತ್ತದೆ. ಹಲವು ವಾಹನಗಳಲ್ಲಿ ಸೂಚಕ ದೀಪವು ಟ್ರಾನ್ಸ್‌ಫರ್ ಕೇಸ್‌ನ ಸ್ಥಿತಿಯನ್ನಷ್ಟೇ ತಿಳಿಸುತ್ತದೆ. ಆದ್ದರಿಂದ ದೀಪ ಉರಿದರೂ ಹಬ್ ಲಾಕ್ ಆಗದೆ ಇರಬಹುದು. ಸಾಮಾನ್ಯ ಡಿಫರೆನ್ಷಿಯಲ್ ಇರುವ ವಾಹನದಲ್ಲಿ ಒಂದೇ ಹಬ್ ಕೆಟ್ಟರೂ ಶಕ್ತಿಯು ಆ ಬದಿಯ ಶಾಫ್ಟನ್ನು ವ್ಯರ್ಥವಾಗಿ ತಿರುಗಿಸುತ್ತದೆ. ಮುಂದಿನ ಎರಡೂ ಚಕ್ರಗಳು ಎಳೆಯುವುದಿಲ್ಲ.

ದೋಷದ ಸ್ಥಾನವನ್ನು ಗುರುತಿಸುವ ವಿಧಾನ

ಕೈಯಿಂದ ತಿರುಗಿಸುವ ಹಬ್ ಮತ್ತು ಲಿವರ್ ಇರುವ ವಾಹನಕ್ಕೆ ಈ ಪರೀಕ್ಷೆ ಅನ್ವಯಿಸುತ್ತದೆ. ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, 4ಎಚ್ ಸ್ಥಾನಕ್ಕೆ ಹಾಕಿ, ಎರಡೂ ಹಬ್‌ಗಳನ್ನು ಲಾಕ್ ಮಾಡಬೇಕು. ಎಂಜಿನ್ ನಿಲ್ಲಿಸಿ, ಗೇರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ ಇಡಬೇಕು. ಬಳಿಕ ಮುಂದಿನ ಚಕ್ರಗಳನ್ನು ಮೇಲೆತ್ತಿ, ವಾಹನವನ್ನು ಭದ್ರವಾದ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಬೇಕು. ಒಂದು ಚಕ್ರವನ್ನು ಕೈಯಿಂದ ತಿರುಗಿಸಿದಾಗ ಇನ್ನೊಂದು ವಿರುದ್ಧ ದಿಕ್ಕಿನಲ್ಲಿ ತಿರುಗಿದರೆ ಜೋಡಣೆ ಸರಿಯಾಗಿದೆ. ಇಲ್ಲವಾದರೆ:

* ಮುಂದಿನ ಪ್ರೊಪೆಲ್ಲರ್ ಶಾಫ್ಟ್ ತಿರುಗಿದಲ್ಲಿ, ದೋಷ ಟ್ರಾನ್ಸ್‌ಫರ್ ಕೇಸ್‌ನಲ್ಲಿ ಅಥವಾ ಅದರ ಲಿವರ್ ಜೋಡಣೆಯಲ್ಲಿದೆ.
* ಚಕ್ರ ತಿರುಗಿದರೂ ಅದರ ಆಕ್ಸಲ್ ಶಾಫ್ಟ್ ತಿರುಗದಿದ್ದಲ್ಲಿ, ಆ ಬದಿಯ ಹಬ್ ಲಾಕ್ ಆಗಿಲ್ಲ.
* ಎದುರು ಬದಿಯ ಶಾಫ್ಟ್ ತಿರುಗಿ, ಚಕ್ರ ಮಾತ್ರ ನಿಂತಿದ್ದಲ್ಲಿ, ಎದುರು ಹಬ್ ಲಾಕ್ ಆಗಿಲ್ಲ.

ಒಂದು ಆಕ್ಸಲ್ ಮಾತ್ರ ಮೇಲಿರುವಾಗ ಎಂಜಿನ್ ಚಾಲೂ ಮಾಡಿ ಚಕ್ರ ತಿರುಗಿಸುವುದು ಅಪಾಯಕಾರಿ. ನೆಲದ ಮೇಲಿರುವ ಚಕ್ರಗಳು ವಾಹನವನ್ನು ಸ್ಟ್ಯಾಂಡ್‌ನಿಂದ ಉರುಳಿಸಬಲ್ಲವು.

ನಿರ್ವಾತದಿಂದ ಕೆಲಸ ಮಾಡುವ ಹಬ್‌ಗಳಲ್ಲಿ ಮೊದಲು ರಬ್ಬರ್ ಕೊಳವೆಗಳ ಬಿರುಕು, ಸಡಿಲ ಜೋಡಣೆ ಮತ್ತು ಕವಾಟವನ್ನು ಪರಿಶೀಲಿಸಬೇಕು. ವಿದ್ಯುತ್ ಗುಂಡಿಯಿಂದ ಬದಲಿಸುವ ವ್ಯವಸ್ಥೆಯಲ್ಲಿ ಫ್ಯೂಸ್, ತಂತಿ ಜೋಡಣೆಗಳ ತುಕ್ಕು ಮತ್ತು ಮೋಟಾರನ್ನು ನೋಡಬೇಕು. ಗೇರುಗಳನ್ನು ಬಿಚ್ಚುವುದು ಕೊನೆಯ ಹಂತವಾಗಿದೆ.

ದೋಷವೆಂದು ತೋರುವ ಸಹಜ ಲಕ್ಷಣ

ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸುತ್ತವೆ. ಈ ವ್ಯತ್ಯಾಸವನ್ನು ಸರಿದೂಗಿಸುವ ಮಧ್ಯದ ಡಿಫರೆನ್ಷಿಯಲ್ ಅರೆಕಾಲಿಕ ವ್ಯವಸ್ಥೆಯಲ್ಲಿಲ್ಲ. ಹೀಗಾಗಿ ಒಣ ಡಾಂಬರಿನ ಮೇಲೆ ಸ್ಟೀರಿಂಗ್ ಬಿಗಿಯಾಗುತ್ತದೆ, ಲಿವರ್ 4ಎಚ್‌ನಲ್ಲೇ ಸಿಕ್ಕಿಕೊಳ್ಳುತ್ತದೆ. ಕೆಲವು ಮೀಟರ್ ನೇರವಾಗಿ ಹಿಂದಕ್ಕೆ ಚಲಿಸಿದರೆ ಬಿಗಿತ ಸಾಮಾನ್ಯವಾಗಿ ಸಡಿಲಗೊಳ್ಳುತ್ತದೆ. ನೇರ ರಸ್ತೆಯಲ್ಲೂ ಬಿಗಿತ ಮರುಕಳಿಸಿದರೆ ಮುಂದಿನ ಮತ್ತು ಹಿಂದಿನ ಟೈರ್‌ಗಳ ಅಳತೆ, ಸವೆತ ಹಾಗೂ ಗಾಳಿಯ ಒತ್ತಡವನ್ನು ಹೋಲಿಸಬೇಕು.