ಹಳೆಯ ಬೆಳ್ಳಿ ಕನ್ನಡಿ, ಬಾಚಣಿಗೆ ಸೆಟ್: ಆನ್‌ಲೈನ್‌ನಲ್ಲಿ ಕೊಳ್ಳುವ, ಮಾರುವ ಮುನ್ನ

ಅಜ್ಜಿಯರ ಕಾಲದ ಬೆಳ್ಳಿಯ ಕೈಗನ್ನಡಿ, ಬಾಚಣಿಗೆ, ಬ್ರಷ್ ಸೆಟ್‌ಗಳು ಈಗ ಆನ್‌ಲೈನ್‌ನಲ್ಲಿ ಮಾರಾಟಕ್ಕೆ ಬರುತ್ತವೆ. ವ್ಯಾಪಾರಿಯಾಗಿ ಮೊದಲ ಮಾತು: ತೂಕ ನೋಡಿ ಬೆಲೆ ಕಟ್ಟಬೇಡಿ. ಕನ್ನಡಿಯ ಹಿಂಬದಿ, ಹಿಡಿಕೆ ಹೆಚ್ಚಾಗಿ ತೆಳು ಬೆಳ್ಳಿ ತಗಡು, ಒಳಗೆ ಅರಗಿನಂಥ ವಸ್ತು ತುಂಬಿರುತ್ತದೆ. ಗಾಜು, ಮರ, ಅರಗು ಕಳೆದರೆ ಉಳಿಯುವ ಬೆಳ್ಳಿ ಸ್ವಲ್ಪವೇ. ಮಾರುವವರೂ ಅವಸರದಲ್ಲಿ ಕರಗಿಸಲು ಕೊಡಬೇಡಿ. ಕೆತ್ತನೆ ಚೆನ್ನಾಗಿರುವ ಪೂರ್ತಿ ಸೆಟ್‌ಗೆ ಬೆಳ್ಳಿಗಿಂತ ಹೆಚ್ಚು ಬೆಲೆ ಸಿಗಬಹುದು.

ಮುದ್ರೆಯ ಸ್ಪಷ್ಟ ಫೋಟೊ ಕೇಳಿ. ಇಂಗ್ಲೆಂಡಿನ ಮಾಲಿನಲ್ಲಿ ನಡೆಯುವ ಸಿಂಹದ ಗುರುತಿದ್ದರೆ ಸ್ಟರ್ಲಿಂಗ್, ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ಲಂಗರಿನ ಗುರುತು ಬರ್ಮಿಂಗ್‌ಹ್ಯಾಮ್‌ನದು. ಪಕ್ಕದ ಅಕ್ಷರದಿಂದ ವರ್ಷ ಹಿಡಿಯಬಹುದು. ‘ಇಪಿಎನ್‌ಎಸ್’ ಎಂದಿದ್ದರೆ ಬರೀ ಬೆಳ್ಳಿ ಲೇಪ. ಜರ್ಮನ್ ಸಿಲ್ವರ್‌ನಲ್ಲಂತೂ ಬೆಳ್ಳಿಯೇ ಇಲ್ಲ, ಹೆಸರು ಮಾತ್ರ! ನಮ್ಮ ಅಕ್ಕಸಾಲಿಗರು ಮಾಡಿದ ಕುಂಕುಮ ಭರಣಿ, ಕಾಡಿಗೆ ಡಬ್ಬಿಗಳಲ್ಲಿ ಮುದ್ರೆ ಇಲ್ಲದಿರಬಹುದು, ಅವನ್ನು ಪರೀಕ್ಷೆ ಮಾಡಿಸಿಯೇ ತಿಳಿಯಬೇಕು.

ನಮ್ಮ ಮನೆಗಳವರು ವಿಶೇಷವಾಗಿ ಗಮನಿಸಿ: ಹಳೆಯ ಬ್ರಷ್‌ಗಳಲ್ಲಿ ಬಹಳಷ್ಟಕ್ಕೆ ಹಂದಿಯ ಕೂದಲು, ಕೆಲವು ಹಿಡಿಕೆಗಳಿಗೆ ಆನೆದಂತ. ದಂತದ ವ್ಯಾಪಾರ ನಮ್ಮ ದೇಶದಲ್ಲಿ ನಿಷಿದ್ಧ. ಕೇಳದೆ ಕೊಳ್ಳಬೇಡಿ.

100 ವರ್ಷ ದಾಟಿದ ಕಲಾವಸ್ತು 1972ರ ಕಾಯ್ದೆಯಡಿ ಪ್ರಾಚ್ಯವಸ್ತು ಎನಿಸಬಹುದು. ಹಾಗಾದರೆ ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ, ಅದರ ವ್ಯಾಪಾರ ನಡೆಸಲು ಪರವಾನಗಿ ಬೇಕು. ವಿದೇಶದ ಗಿರಾಕಿ ಒಳ್ಳೆಯ ಬೆಲೆ ಹೇಳಿದರೂ ಮೊದಲು ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ.

ಇನ್ನು, ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ. ಕೊಳ್ಳುವವರು ಹಾಗೆ ಒತ್ತಲು ಹೇಳಿದರೆ ಫೋನ್ ಇಟ್ಟುಬಿಡಿ.