ಸುಡದ ಬೆಂಕಿಯ ತೀರ್ಪು

ಮುಂಬಯಿಯಲ್ಲಿ ಬೆಂಕಿಗೆ ಎರಡು ದೊಡ್ಡ ನೆಲೆಗಳಿವೆ. ಫಾಲ್ಗುಣ ಬಂತೆಂದರೆ ಕೋಳಿವಾಡಗಳಲ್ಲಿ ಹೋಳಿ ಉರಿಯುತ್ತದೆ. ದಕ್ಷಿಣ ಮುಂಬಯಿಯ ನಾಲ್ಕು ಆತಶ್ ಬೆಹರಾಮ್‌ಗಳಲ್ಲಿ ಪಾರ್ಸಿಗಳ ಬೆಂಕಿ ವರ್ಷವಿಡೀ ಆರದೆ ಉರಿಯುತ್ತದೆ. ಅವುಗಳಲ್ಲಿ ಹಳೆಯದಾದ ದಾದಿಸೇಠ್ ಅಗ್ನಿಮಂದಿರ 1783ರದ್ದು. ಹೋಳಿಯ ಹಿಂದೆ ಪ್ರಹ್ಲಾದನಿದ್ದಾನೆ, ಪಾರ್ಸಿಗಳ ಕಥೆಗಳಲ್ಲಿ ಶತ್ರುಗಳು ಉರಿಗೆ ಎಸೆದರೂ ಸುಡದೆ ಉಳಿದ ಶಿಶು ಜರತುಷ್ಟ್ರನಿದ್ದಾನೆ. ಇವನ್ನು ನಾವು ಮಾಂತ್ರಿಕ ಶಕ್ತಿಯ ಕಥೆಗಳೆಂದು ಓದುತ್ತೇವೆ. ಆದರೆ ಶಕ್ತಿ ಇದ್ದದ್ದು ಪ್ರಹ್ಲಾದನನ್ನು ಮಡಿಲಲ್ಲಿಟ್ಟುಕೊಂಡು ಉರಿಯಲ್ಲಿ ಕೂತ ಹೋಳಿಕಾಗೆ. ಬೆಂಕಿ ತಟ್ಟದ ವರ ಪಡೆದವಳು ಅವಳೇ, ಬೂದಿಯಾದವಳೂ ಅವಳೇ. ಯಾವ ವರವೂ ಇಲ್ಲದ ಮಗು ಎದ್ದುಬಂತು. ಪಾರ್ಸಿಗಳ ‘ಬುಂದಹಿಶ್ನ್’ ಗ್ರಂಥ ಇದನ್ನು ಇನ್ನೂ ಸ್ಪಷ್ಟವಾಗಿ ಹೇಳುತ್ತದೆ: ಲೋಕಾಂತ್ಯದಲ್ಲಿ ಎಲ್ಲರೂ ಕರಗಿದ ಲೋಹದ ಹೊಳೆಯನ್ನು ದಾಟಬೇಕು, ಸಜ್ಜನರಿಗೆ ಮಾತ್ರ ಅದು ಬೆಚ್ಚಗಿನ ಹಾಲಿನಂತೆ ತೋರುತ್ತದೆ. ಸುಡದಿರುವುದು ಇಲ್ಲಿ ಮೈಯ ಗುಣವಲ್ಲ, ಬೆಂಕಿ ಕೊಡುವ ತೀರ್ಪು.

ಹಾಗಾದರೆ ಕಣ್ಣೆದುರೇ ಕೆಂಡ ಹಾಯುವವರ ಮಾತೇನು ಎಂದು ಯಾರಾದರೂ ಕೇಳಬಹುದು. ಮುಂಬಯಿಯ ತುಳುವರಿಗೆ ಊರಿನ ಒತ್ತೆಕೋಲ ಗೊತ್ತಿರುತ್ತದೆ. ನರಸಿಂಹನ ರೂಪವೆನಿಸಿದ ವಿಷ್ಣುಮೂರ್ತಿ ದೈವ ಅಲ್ಲಿ ಕೆಂಡದ ರಾಶಿಯ ಮೇಲೆ ಮತ್ತೆ ಮತ್ತೆ ಬೀಳುತ್ತದೆ. 1935ರಲ್ಲಿ ಇಂಗ್ಲೆಂಡಿನ ಕಾರ್ಶಾಲ್ಟನ್‌ನಲ್ಲಿ ಅತೀಂದ್ರಿಯ ಘಟನೆಗಳ ಸಂಶೋಧಕ ಹ್ಯಾರಿ ಪ್ರೈಸ್ ಏರ್ಪಡಿಸಿದ ಪರೀಕ್ಷೆಯಲ್ಲಿ ಕಾಶ್ಮೀರದ ಕುದಾ ಬಕ್ಸ್ ಕೆಂಡ ದಾಟಿದಾಗ ಮೇಲ್ಮೈಯ ಶಾಖ ಸುಮಾರು 430 ಡಿಗ್ರಿ ಸೆಲ್ಸಿಯಸ್ ಇತ್ತು, ಪಾದ ಬೇಯಲಿಲ್ಲ. ಇದ್ದಿಲು, ಬೂದಿ ಎರಡೂ ಶಾಖವನ್ನು ನಿಧಾನವಾಗಿ ದಾಟಿಸುತ್ತವೆ. ಹೆಜ್ಜೆ ಊರಿ ಎತ್ತುವ ಅರೆಗಳಿಗೆಯಲ್ಲಿ ಚರ್ಮಕ್ಕೆ ಹರಿಯುವ ಶಾಖ ಕಡಿಮೆ. ಅಷ್ಟೇ ಕಾದ ಕಬ್ಬಿಣದ ತಗಡಿನ ಮೇಲೆ ಯಾರ ವ್ರತವೂ ಕಾಯಲಾರದು. ಇದನ್ನು ಹೇಳಿದರೆ ಭಕ್ತಿಗೆ ಅವಮಾನವೆಂದು ನನಗನಿಸುವುದಿಲ್ಲ, ಏಕೆಂದರೆ ಆಚರಣೆಗೆ ಬೆಂಕಿಯ ಸ್ವಭಾವ ಮೊದಲೇ ಗೊತ್ತಿತ್ತು. ಒತ್ತೆಕೋಲದ ದೈವ ಎಳೆ ತೆಂಗಿನ ಗರಿಗಳ ದಪ್ಪ ಸಿರಿ ಉಟ್ಟೇ ಕೆಂಡಕ್ಕೆ ಬೀಳುತ್ತದೆ. ಯಾಜ್ಞವಲ್ಕ್ಯ ಸ್ಮೃತಿಯ ಅಗ್ನಿದಿವ್ಯದಲ್ಲಿ ಕಾದ ಕಬ್ಬಿಣದ ಉಂಡೆ ಹಿಡಿಯುವ ಆರೋಪಿಯ ಅಂಗೈಗೆ ಏಳು ಅರಳಿ ಎಲೆ ಕಟ್ಟುತ್ತಿದ್ದರು. ಬೆಂಕಿ ಸುಡುತ್ತದೆಂದು ಅರಿತವರ ಎಚ್ಚರಿಕೆ ಇದು.

ಕಥೆಯೊಳಗೆ ನಿರಪರಾಧಿಯನ್ನು ಗುರುತಿಸುವ ಬೆಂಕಿ, ನ್ಯಾಯಸ್ಥಾನಕ್ಕೆ ಬಂದರೆ ಎಲೆಯ ದಪ್ಪವನ್ನೂ ಅಂಗೈಯ ಒರಟುತನವನ್ನೂ ಮಾತ್ರ ಗುರುತಿಸುತ್ತದೆ. ಹಾಗಿದ್ದರೂ ಜನ ಅದನ್ನು ನಂಬಿದ್ದರಲ್ಲ, ಸಮಾಜದ ಜಗಳವಾದರೂ ಮುಗಿಯುತ್ತಿತ್ತಲ್ಲ ಎಂಬ ಸಮರ್ಥನೆಯೂ ಇದೆ. ಕಥೆಗಳೇ ಇದನ್ನು ಒಪ್ಪುವುದಿಲ್ಲ. ಫಿರ್ದೌಸಿಯ ‘ಶಾಹನಾಮೆ’ಯಲ್ಲಿ ಸಿಯಾವಶ್ ಮಲತಾಯಿಯ ಸುಳ್ಳು ದೂರಿಗೆ ಉತ್ತರವಾಗಿ ಕುದುರೆಯೇರಿ ಉರಿಯನ್ನು ದಾಟುತ್ತಾನೆ, ಕೂದಲೂ ಕೊಂಕುವುದಿಲ್ಲ. ಅವನು ಕೊನೆಗೆ ತಾಯ್ನಾಡು ಬಿಟ್ಟು, ತೂರಾನಿನಲ್ಲಿ ಇನ್ನೊಂದು ಸುಳ್ಳು ದೂರಿಗೆ ಕೊಲೆಯಾಗುತ್ತಾನೆ. ಲಂಕೆಯಲ್ಲಿ ಸೀತೆಯನ್ನು ಅಗ್ನಿಯೇ ಎತ್ತಿ ತಂದು ರಾಮನಿಗೆ ಒಪ್ಪಿಸಿದ ಮೇಲೂ ಅಯೋಧ್ಯೆಯ ಜನರ ಬಾಯಿ ಮುಚ್ಚಲಿಲ್ಲ. ಉತ್ತರಕಾಂಡದಲ್ಲಿ ಬಸುರಿಯನ್ನು ಕಾಡಿಗೆ ಅಟ್ಟಿದ್ದು ಆ ಮಾತೇ.